ಕರಡಣ್ಣ ತಿದ್ದಿದ ವರ್ಷ

ಮಾತ್ರೆ ನುಂಗುವ ಮೊದಲು ಅದರ ಹಾಳೆಯ ಹಿಂಬದಿ ಓದುವವರನ್ನು ನೀವು ನೋಡಿರಬಹುದು. ಓದಿ, ಅಲ್ಲೊಂದು ಅಲ್ಪವಿರಾಮ ಬಿಟ್ಟುಹೋಗಿದೆ ಎಂದು ಔಷಧದ ಕಂಪನಿಗೆ ಕಾಗದ ಬರೆದವರನ್ನು ನೋಡಿರಲಾರಿರಿ. ನಾನು ನೋಡಿದ್ದೇನೆ. ಅಂದು ಅವರಿಗೆ ನೂರಾಮೂರು ಜ್ವರ. ಹೆಂಡತಿ ನೀರಿನ ಲೋಟ ಹಿಡಿದು ನಿಂತಿದ್ದರು. ಇವರು ಕೈ ಚಾಚಿ, "ಆ ಕೆಂಪು ಪೆನ್ಸಿಲ್ ಕೊಡು ಸ್ವಲ್ಪ" ಎಂದರು.

ಅವರ ನಿಜವಾದ ಹೆಸರು ಕಾಲೇಜಿನ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಮಿಕ್ಕವರಿಗೆಲ್ಲ ಕರಡಣ್ಣ. ಕಾಲೇಜಿನದೇ ಅಚ್ಚುಮನೆಯಲ್ಲಿ ಮೂವತ್ತೊಂದು ವರ್ಷದಿಂದ ಕರಡು ತಿದ್ದುತ್ತಿದ್ದವರು. ಸಣಕಲು ಮೈ, ಮೂಗಿನ ಮೇಲೊಂದು ಕನ್ನಡಕ, ಹಣೆಯ ಮೇಲೆ ಇನ್ನೊಂದು, ಕಿವಿಯ ಹಿಂದೆ ಪೆನ್ಸಿಲ್, ಅಂಗಿಯ ಜೇಬಿನಲ್ಲಿ ಆರಿಂಚಿನ ಉಕ್ಕಿನ ಸ್ಕೇಲು. ಆ ಸ್ಕೇಲನ್ನು ಸಾಲಿನ ಕೆಳಗಿಟ್ಟು, ಒಂದು ಸಾಲು ಮುಗಿದ ಮೇಲೆಯೇ ಮುಂದಿನದಕ್ಕೆ ಜಾರಿಸುತ್ತಿದ್ದರು. ರಸ್ತೆಯಾಚೆಯ ಅಂಗಡಿಯ ಫಲಕದಲ್ಲಿ ಬಾಲ ಕಳೆದುಕೊಂಡ ಒತ್ತಕ್ಷರ ಅವರಿಗೆ ಕಾಣುತ್ತದೆ. ಹೆಂಡತಿ ಅರ್ಧ ಕೂದಲು ಕತ್ತರಿಸಿಕೊಂಡು ಬಂದರೆ ಮೂರು ದಿನ ಕಾಣುವುದಿಲ್ಲ.

ನನ್ನ ಮೊದಲ ನಗೆಬರಹದ ಪುಸ್ತಕದ ಕರಡು ತಿದ್ದಿದವರು ಅವರೇ. ಒಟ್ಟು ನಲವತ್ತೆರಡು ತಪ್ಪು ಹಿಡಿದು ಅಂಚಿನಲ್ಲಿ ಗುರುತು ಮಾಡಿದ್ದರು. ಒಂದು ಕಡೆ ಮಾತ್ರ, ಬಲು ಸಂಕೋಚದಿಂದ, ಇರುವೆಯಷ್ಟು ಚಿಕ್ಕ ಅಕ್ಷರದಲ್ಲಿ, ‘ಇಲ್ಲಿ ನಗಬೇಕೆ?’ ಎಂದು ಬರೆದಿದ್ದರು. ಅಂದಿನಿಂದ ನಾನು ಅವರನ್ನು ಅಣ್ಣ ಎನ್ನುತ್ತೇನೆ. ನನ್ನ ಬರಹದ ಮೇಲೆ ಬಂದ ವಿಮರ್ಶೆಗಳಲ್ಲಿ ಅಷ್ಟು ಮರ್ಯಾದೆಯದು ಇನ್ನೊಂದಿಲ್ಲ.

ಕೆಲಸದಲ್ಲಿ ಅವರದೊಂದು ಕ್ರಮ. ಕೈಗೆ ಯಾವ ಕರಡು ಬಂದರೂ ಮೊದಲು ನೋಡುವುದು ವರ್ಷ. ಲೇಖಕನ ಹೆಸರು ಆಮೇಲೆ, ಪುಸ್ತಕದ ಹೆಸರು ಆಮೇಲೆ. ಇದಕ್ಕೆ ಕಾರಣವಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಾಲೇಜಿನ ವಾರ್ಷಿಕ ವರದಿ ಹೋದ ವರ್ಷದ ಅಂಕೆ ಹೊತ್ತುಕೊಂಡೇ ಅಚ್ಚಾಗಿಬಿಟ್ಟಿತು. ಹಿಂದಿನ ವರದಿಯ ಪುಟವನ್ನೇ ಮುಂದಿಟ್ಟುಕೊಂಡು ಅಚ್ಚಿನ ಮೊಳೆ ಜೋಡಿಸಿದ್ದರು. ಇವರು ಒಳಗಿನ ನೂರಿಪ್ಪತ್ತು ಪುಟ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಓದಿ, ಮುಖಪುಟ ನೋಡಿರಲಿಲ್ಲ. ಅಂದಿನ ಪ್ರಿನ್ಸಿಪಾಲರು ಬೈಯಲಿಲ್ಲ. ಎಂಟುನೂರು ಪ್ರತಿಯನ್ನೂ ಒಂದು ಪೆನ್ನನ್ನೂ ಇವರ ಮೇಜಿನ ಮೇಲೆ ಇಡಿಸಿದರು, ಅಷ್ಟೆ. ನಾಲ್ಕು ದಿನ ಕೂತು ಎಂಟುನೂರು ಸಲ ಒಂದೇ ಅಂಕೆ ತಿದ್ದಿದ ಮನುಷ್ಯ ಆಮೇಲೆ ಜೀವಮಾನದಲ್ಲಿ ಹಳೆಯ ವರ್ಷವನ್ನು ನೋಡಿ ಸುಮ್ಮನಿರುವುದುಂಟೆ?

ಹೋದ ವರ್ಷ ಈಗಿನ ಪ್ರಿನ್ಸಿಪಾಲರು ಅವರನ್ನು ಕರೆಸಿದರು.

"ಕೂತ್ಕೊಳ್ಳಿ. ಅಚ್ಚುಮನೆ ಮುಚ್ತಾ ಇದ್ದೀವಿ. ಇನ್ನು ಕಾಲೇಜಿನ ಪುಸ್ತಕ ಎಲ್ಲಾ ಇ-ಪುಸ್ತಕ. ಅದಕ್ಕೊಂದು ಹೊಸ ವಿಭಾಗ ಆಗತ್ತೆ. ನಮ್ಮಲ್ಲೇ ಆರು ತಿಂಗಳ ಕೋರ್ಸ್ ಇದೆಯಲ್ಲ, ಅದು ಪಾಸಾದ್ರೆ ಆ ವಿಭಾಗದಲ್ಲಿ ಒಬ್ಬರನ್ನ ಇಟ್ಕೋಬಹುದು. ನಿಮ್ಮನ್ನೇ."

"ಪಾಸಾಗದಿದ್ರೆ ಸರ್?"

"ಹಾಸ್ಟೆಲ್ ಸ್ಟೋರು. ಕೆಲಸ ಏನೂ ಹೋಗಲ್ಲ. ಹಾಸಿಗೆ, ಬಕೆಟ್ಟು, ಬಲ್ಬು ಕೊಟ್ಟು ತಗೊಂಡು ನೋಡ್ಕೊಂಡ್ರೆ ಆಯ್ತು. ನಿವೃತ್ತಿಗೆ ಇನ್ನು ನಾಲ್ಕು ವರ್ಷ ತಾನೇ?"

ಸಂಬಳ ಅಷ್ಟೇ, ರಜೆ ಅಷ್ಟೇ. ಬೇರೆ ಯಾರಾದರೂ ಆಗಿದ್ದರೆ ಅವತ್ತೇ ಸ್ಟೋರಿನ ಬೀಗದ ಕೈ ಇಸಿದುಕೊಂಡು ಹಾಯಾಗಿ ಕಾಲು ಚಾಚುತ್ತಿದ್ದರು. ಕರಡಣ್ಣ ಹೊರಗೆ ಬಂದು ನನಗೆ ಫೋನು ಮಾಡಿ, "ಬಕೆಟ್ ಮೇಲೆ ಓದೋಕೆ ಏನಿರತ್ತಪ್ಪಾ?" ಎಂದು ಕೇಳಿದರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕೆ. ಆ ಕಡೆಯಿಂದ ನಗು ಬರಲಿಲ್ಲ.

ನಾನೂ ಅದೇ ಕೋರ್ಸಿಗೆ ಸೇರಿದೆ. ಹೊರಗಿನವರಿಗೂ ಜಾಗವಿತ್ತು. ನನ್ನ ಎರಡು ಪುಸ್ತಕಗಳ ಪ್ರತಿಗಳು ಮುಗಿದುಹೋಗಿ ಎಷ್ಟೋ ಕಾಲವಾಗಿತ್ತು. ಮುಗಿದದ್ದು ಮಾರಾಟವಾಗಿ ಅಲ್ಲ, ಪ್ರಕಾಶಕರ ಗೋದಾಮಿನ ಮಾಡು ಸೋರಿ. ಇ-ಪುಸ್ತಕ ಮಾಡಿದರೆ ನೀರಿನ ಭಯವಿಲ್ಲ ಎಂದು ಲೆಕ್ಕ ಹಾಕಿದೆ. ಮನೆಯಲ್ಲಿ ಹೇಳಿದಾಗ ನನ್ನವಳು, "ಕಾಗದದ ಮೇಲಿದ್ದಾಗ ಯಾರೂ ಓದಲಿಲ್ಲ. ಈಗ ಕರೆಂಟ್ ಹಾಕಿದ್ರೆ ಓದ್ತಾರಾ?" ಎಂದಳು. ನಾನು ಉತ್ತರ ಕೊಡಲಿಲ್ಲ. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಕಲಿತ ಕಲೆ ಅದೊಂದೇ.

ವಾರಕ್ಕೆ ಮೂರು ಸಂಜೆ ತರಗತಿ. ಮೂರನೆಯ ಮಹಡಿಯ ಕಂಪ್ಯೂಟರ್ ಕೋಣೆ. ತಂಪು ಯಂತ್ರದ ಗಾಳಿ ಕಂಪ್ಯೂಟರುಗಳ ಕಡೆಗೆ ತಿರುಗಿತ್ತು, ಮನುಷ್ಯರಿಗೆ ಕಿಟಕಿ. ನೀಲಿ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಹದಿನೆಂಟು ಮಂದಿ ಪಡ್ಡೆ ವಯಸ್ಸಿನವರು, ಕೊನೆಯ ಸಾಲಿನಲ್ಲಿ ನಾವಿಬ್ಬರು ಮುದಿಗೂಬೆಗಳು. ಪಾಠ ಹೇಳುವ ಮೇಡಂಗೆ ಹೆಚ್ಚೆಂದರೆ ಇಪ್ಪತ್ತೆಂಟು. ಮೊದಲ ದಿನ ನಮ್ಮನ್ನು ನೋಡಿ, ಮಕ್ಕಳ ಅಂಕಪಟ್ಟಿ ಕೇಳಲು ಬಂದ ಪೋಷಕರೆಂದು ತಿಳಿದು ಹೊರಗಿನ ಬೆಂಚು ತೋರಿಸಿದರು.

ಇ-ಪುಸ್ತಕವೆಂದರೆ ಒಂದು ಡಬ್ಬಿ ಎಂದು ಮೇಡಂ ಹೇಳಿಕೊಟ್ಟರು. ಡಬ್ಬಿಯೊಳಗೆ ಅಧ್ಯಾಯಕ್ಕೊಂದು ಕಡತ, ಮೇಲೊಂದು ಪರಿವಿಡಿ, ಏನೇನಿದೆ ಎಂದು ತಿಳಿಸುವ ಪಟ್ಟಿ ಒಂದು. ಎಲ್ಲವನ್ನೂ ಬರೆಯುವುದು ಎಕ್ಸ್‌ಎಂಎಲ್ ಎಂಬ ಭಾಷೆಯಲ್ಲಿ. ಇದು ತಲೆಬರಹ, ಇದು ಪ್ಯಾರಾ ಎಂದು ಪ್ರತಿಯೊಂದಕ್ಕೂ ಹಿಂದೆ ಮುಂದೆ ಕೊಕ್ಕೆ ಹಾಕಿ ಹೆಸರಿನ ಚೀಟಿ ಅಂಟಿಸಬೇಕು. ಇಲ್ಲಿಯವರೆಗೆ ನನಗೂ ತಿಳಿಯಿತು. ಮೂರನೆಯ ವಾರ ನೇಮ್‌ಸ್ಪೇಸ್ ಬಂತು.

"ಪಟ್ಟಿಯಲ್ಲಿ ‘ಶೀರ್ಷಿಕೆ’ ಅಂತ ಒಂದು ಚೀಟಿ ಇದೆ, ಅದು ಇಡೀ ಪುಸ್ತಕದ ಹೆಸರು. ಅಧ್ಯಾಯದಲ್ಲೂ ‘ಶೀರ್ಷಿಕೆ’ ಅಂತಾನೇ ಇದೆ, ಅದು ಆ ಪುಟದ ಹೆಸರು. ಚೀಟಿ ಒಂದೇ, ಅರ್ಥ ಬೇರೆ. ಯಾವುದು ಯಾವುದು ಅಂತ ಕಂಪ್ಯೂಟರಿಗೆ ಹೇಗೆ ಗೊತ್ತಾಗ್ಬೇಕು?" ಎಂದರು ಮೇಡಂ.

ನಮ್ಮ ಮುಖ ನೋಡಿ ಅವರಿಗೇ ಕನಿಕರ ಬಂದಿರಬೇಕು.

"ಸರಿ. ನಮ್ಮಪ್ಪನ ತಂಗೀನೂ ನನಗೆ ಅತ್ತೆ. ನನ್ನ ಗಂಡನ ತಾಯೀನೂ ಅತ್ತೆ. ‘ಅತ್ತೆ ಬರ್ತಿದ್ದಾರೆ’ ಅಂತ ಫೋನ್ ಬಂದ್ರೆ?"

"ಯಾವ ಅತ್ತೆ ಅಂತ ಕೇಳ್ಬೇಕು ಮೇಡಂ. ಖುಷಿಪಡೋದೋ, ಮನೆ ಗುಡಿಸೋದೋ ಅದರ ಮೇಲೆ ತೀರ್ಮಾನ" ಎಂದಳು ಮುಂದಿನ ಸಾಲಿನ ಹುಡುಗಿ.

"ಅದೇ! ತವರಿನ ಅತ್ತೆ, ಗಂಡನ ಮನೆ ಅತ್ತೆ. ಆ ಮನೆಯ ಹೆಸರೇ ನೇಮ್‌ಸ್ಪೇಸ್. ಪ್ರತಿ ಕಡತದ ಮೇಲ್ಗಡೆ ಒಂದು ಉದ್ದ ವಿಳಾಸ ಇರತ್ತೆ ನೋಡಿ, ಅದು ಮನೆ ಹೆಸರು."

ಕರಡಣ್ಣ ಕೈ ಎತ್ತಿದರು. "ಆ ವಿಳಾಸಕ್ಕೆ ಕಂಪ್ಯೂಟರ್ ಹೋಗಿ ಏನು ನೋಡತ್ತೆ ಮೇಡಂ?"

"ಹೋಗಲ್ಲ ಸರ್. ಏನೂ ನೋಡಲ್ಲ. ಅದು ಬರೀ ಹೆಸರು."

"ಯಾರೂ ಹೋಗದ ಮನೆಗೆ ವಿಳಾಸ ಯಾಕೆ?"

"ಬೇರೆ ಯಾರೂ ಅದೇ ಹೆಸರು ಇಟ್ಕೋಬಾರ್ದು ಅಂತ. ನೀವು ತಲೆ ಕೆಡಿಸ್ಕೋಬೇಡಿ ಸರ್. ಇದನ್ನ ಓದಕ್ಕೆ ಹೋಗ್ಬೇಡಿ, ಹಾಗೇ ಕಾಪಿ ಮಾಡಿ."

ನನಗೆ ಇದಕ್ಕಿಂತ ಹಿತವಾದ ಪಾಠ ಬೇರೆ ಇರಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜಾತಿ ನನ್ನದು. ಹಾಗೇ ಕಾಪಿ ಮಾಡಿದೆ. ಕರಡಣ್ಣ ಮಾತ್ರ ಆ ಮಾತಿಗೆ ಪೆಟ್ಟು ತಿಂದವರಂತೆ ಕೂತಿದ್ದರು. ಓದಬೇಡಿ ಎಂದು ಅವರಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಅವರಿಗೆ ತೆರೆಯ ಮೇಲೆ ಓದಲು ಬರುತ್ತಿರಲಿಲ್ಲ. ಸ್ಕೇಲು ಜಾರುತ್ತಿತ್ತು. ಆದ್ದರಿಂದ ಬರೆದ ಕಡತವನ್ನೆಲ್ಲ ಕಾಗದದ ಮೇಲೆ ತೆಗೆದು, ಸ್ಕೇಲಿಟ್ಟು, ಕೊಕ್ಕೆ ಕೊಕ್ಕೆಗೂ ಕೆಂಪು ಪೆನ್ಸಿಲ್ ತಾಗಿಸಿ ತಿದ್ದತೊಡಗಿದರು. ಹುಡುಗರು ಮೊದಮೊದಲು ಮುಸಿಮುಸಿ ನಕ್ಕರು. ಒಂದು ಸಂಜೆ ಮುಂದಿನ ಸಾಲಿನ ಅದೇ ಹುಡುಗಿಯ ಪುಸ್ತಕ ಎಷ್ಟು ಹೊತ್ತಾದರೂ ತೆರೆಯಲಿಲ್ಲ. ಮೇಡಂ ಕೂಡ ಅರ್ಧ ಗಂಟೆ ಹುಡುಕಿ ಸೋತರು. ಕರಡಣ್ಣ ಅವಳ ಹನ್ನೊಂದು ಹಾಳೆ ಇಸಿದುಕೊಂಡು, ಏಳನೆಯ ಹಾಳೆಯಲ್ಲಿ ಮುಚ್ಚದೆ ಬಿಟ್ಟಿದ್ದ ಒಂದು ಕೊಕ್ಕೆಗೆ ಸುತ್ತು ಹಾಕಿ ಕೊಟ್ಟರು. ಆಮೇಲೆ ಅವರ ಕುರ್ಚಿಯ ಮುಂದೆ ಸಾಲು.

"ಅಂಕಲ್, ನಂದೊಂದು ನೋಡಿ."

"ಅಂಕಲ್, ಅವನದು ಆಮೇಲೆ, ಅವನು ನಿಮ್ಮನ್ನ ಮೊದಲ್ನೇ ದಿನ ತಾತ ಅಂದಿದ್ದ."

ನಾನು ಪಕ್ಕದಲ್ಲೇ ಇದ್ದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಒಬ್ಬನು ಮಾತ್ರ, "ಅಂಕಲ್, ನಿಮ್ಮ ಕುರ್ಚಿ ತಗೋಬಹುದಾ?" ಎಂದ.

ಪರೀಕ್ಷೆ ಎಂದರೆ ಬರವಣಿಗೆ ಇರಲಿಲ್ಲ. ಪ್ರತಿಯೊಬ್ಬರೂ ಒಂದು ಇ-ಪುಸ್ತಕ ಮಾಡಿ, ಕೊನೆಯ ದಿನ ಮೂರು ಗಂಟೆಯೊಳಗೆ ಒಪ್ಪಿಸಬೇಕು. ಪ್ರಿನ್ಸಿಪಾಲರ ಎದುರಿಗೆ ಅದು ತೆರೆಯಬೇಕು. ತೆರೆದರೆ ಪಾಸು, ಇಲ್ಲದಿದ್ದರೆ ಇಲ್ಲ. ಒಮ್ಮೆ ಒಪ್ಪಿಸಿದ ಮೇಲೆ ಹಿಂದಕ್ಕಿಲ್ಲ.

ಕರಡಣ್ಣನ ಪುಸ್ತಕದ ಹೆಸರು ‘ಅಚ್ಚಾಗದ ತಪ್ಪುಗಳು’. ಮೂವತ್ತೊಂದು ವರ್ಷ ತಾವು ಹಿಡಿದ ತಪ್ಪುಗಳಲ್ಲಿ ಆಯ್ದವನ್ನು ಅವರೊಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟಿದ್ದರು. ‘ಅಧ್ಯಕ್ಷರ ಭಾಷಣ’ ಎಂಬುದು ‘ಅಧ್ಯಕ್ಷರ ಭೀಷಣ’ ಆಗಿದ್ದದ್ದು. ನಿವೃತ್ತರಾದ ಪ್ರಾಧ್ಯಾಪಕರ ಭಾವಚಿತ್ರದ ಕೆಳಗೆ ಇನ್ನೊಂದು ಪುಟದ ‘ಮಾರಾಟಕ್ಕೆ ಲಭ್ಯ’ ಬಂದು ಕೂತಿದ್ದದ್ದು. ತಪ್ಪಿಗೊಂದು ಕತೆ, ಮೂವತ್ತೊಂಬತ್ತು ಅಧ್ಯಾಯ. ಓದಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ, ಆಮೇಲೆ ಸ್ವಲ್ಪ ಹೊಟ್ಟೆ ಉರಿಯಿತು. ನಗಿಸುವುದೇ ಕಸುಬಾದ ನಾನು ಎರಡು ಪುಸ್ತಕದಲ್ಲಿ ಮಾಡಲಾಗದ್ದನ್ನು ಈ ಮನುಷ್ಯ ಅಂಚಿನಲ್ಲಿ ಕೂತು ಮಾಡಿದ್ದರು.

ಪರೀಕ್ಷೆಯ ಹಿಂದಿನ ಭಾನುವಾರ ಅವರ ಮನೆಗೆ ಹೋದೆ. ಎರಡು ಕೋಣೆಯ ಮನೆ. ಊಟದ ಮೇಜಿನ ಮೇಲೆ ಹಾಳೆಗಳ ಗೋಪುರ. ಅತ್ತಿಗೆ ಆಸ್ಪತ್ರೆಯಲ್ಲಿ ನರ್ಸು. ಪಾಳಿ ಮುಗಿಸಿ ಬಂದು, ತಟ್ಟೆ ಇಡಲು ಜಾಗವಿಲ್ಲದೆ ಬಾಗಿಲ ಪಕ್ಕ ನಿಂತೇ ಊಟ ಮಾಡುತ್ತಿದ್ದರು.

"ಬನ್ನಿ. ನೀವಾದ್ರೂ ಹೇಳಿ ಇವರಿಗೆ. ಹಾಳೆ ಮೇಲೆ ಹಾಳೆ. ಕಾಗದ ಇಲ್ಲದ ಪುಸ್ತಕ ಮಾಡಕ್ಕೆ ಮನೇಲಿ ಇಷ್ಟು ಕಾಗದ ಬೇಕಾ?"

"ಅಭ್ಯಾಸಬಲ ಅತ್ತಿಗೆ."

"ಅಭ್ಯಾಸ ಸರಿ. ಆದ್ರೆ ಒಂದು ಮಾತು." ಅತ್ತಿಗೆ ದನಿ ತಗ್ಗಿಸಿದರು. ಕರಡಣ್ಣ ಒಳಗೆ ಯಾವುದೋ ಹಾಳೆ ಹುಡುಕುತ್ತಿದ್ದರು. "ಇವರು ಪಾಸಾಗ್ಬೇಕು. ಸ್ಟೋರಿಗೆ ಹಾಕಿದ್ರೆ ಇವರು ಜಗಳ ಆಡಲ್ಲ, ಅಳಲ್ಲ. ಸುಮ್ನೆ ಹೋಗಿ ಕೂತ್ಕೋತಾರೆ. ನನಗೆ ಅದೇ ಹೆದರಿಕೆ. ವಾರ್ಡಲ್ಲಿ ಹಾಗೆ ಕೂತವರನ್ನ ದಿನಾ ನೋಡ್ತೀನಿ."

"ಅಣ್ಣ ಪಾಸಾಗದಿದ್ರೆ ಇನ್ಯಾರು ಅತ್ತಿಗೆ? ನಾನಿದ್ದೀನಲ್ಲ" ಎಂದೆ. ಆ ಕೊನೆಯ ಮಾತು ಯಾಕಾಗಿ ಆಡಿದೆನೋ, ಇವತ್ತಿಗೂ ನನ್ನ ನಾಲಿಗೆಯನ್ನು ನಾನೇ ಕೇಳುತ್ತಿರುತ್ತೇನೆ.

ಕೊನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ಮೇಡಂ ತಮ್ಮ ಕಂಪ್ಯೂಟರಿನಲ್ಲಿದ್ದ ಪರೀಕ್ಷಿಸುವ ಯಂತ್ರಾಂಶಕ್ಕೆ ಕರಡಣ್ಣನ ಪುಸ್ತಕ ಹಾಕಿದರು. ಉತ್ತರ ಬಂತು: ತಪ್ಪು, ಸೊನ್ನೆ. ಎಚ್ಚರಿಕೆ, ಸೊನ್ನೆ.

"ಇದನ್ನೊಂದು ಕಾಗದದ ಮೇಲೆ ತೆಗೆದು ಕೊಡ್ತೀರಾ ಮೇಡಂ?" ಎಂದು ಕೇಳಿದರು ಕರಡಣ್ಣ. ಅದನ್ನು ನಾಲ್ಕು ಮಡಿಕೆ ಮಾಡಿ ಸ್ಕೇಲಿನ ಪಕ್ಕ ಇಟ್ಟುಕೊಂಡರು. "ಮೂವತ್ತೊಂದು ವರ್ಷದಲ್ಲಿ ಸೊನ್ನೆ ಅಂತ ಯಾರೂ ಬರೆದುಕೊಟ್ಟಿರಲಿಲ್ಲ ಕಣಪ್ಪಾ."

ಅಲ್ಲಿಗೆ ಒಪ್ಪಿಸಿ ಎದ್ದಿದ್ದರೆ ಈ ಕತೆ ಇರುತ್ತಿರಲಿಲ್ಲ. ಆದರೆ ಅಚ್ಚಿಗೆ ಕಳಿಸುವ ಮೊದಲು ಕಡೆಯ ಕರಡು ಓದದೆ ಅವರು ಯಾವ ಪುಸ್ತಕವನ್ನೂ ಕೈಬಿಟ್ಟವರಲ್ಲ. ಗಂಟೆ ಒಂದು. ಮೇಡಂ ಪ್ರಿನ್ಸಿಪಾಲರನ್ನು ಕರೆತರಲು, ಕುರ್ಚಿ ಹಾಕಿಸಲು ಕೆಳಗೆ ಹೋಗಿದ್ದರು. ಕರಡಣ್ಣ ಇಡೀ ಪುಸ್ತಕವನ್ನು ಕಾಗದದ ಮೇಲೆ ತೆಗೆದು, ಮೊದಲ ಹಾಳೆಗೆ ಸ್ಕೇಲಿಟ್ಟರು. ಇಟ್ಟವರು ಹಾಗೇ ನಿಂತರು.

"ಇಲ್ನೋಡು."

ನೋಡಿದೆ. ಕಡತದ ಮೇಲಿನ ಆ ಉದ್ದ ವಿಳಾಸ. ಅದರ ನಡುವೆ, ಎರಡು ಓರೆಗೆರೆಗಳ ಮಧ್ಯೆ, 1999.

"ಹಳೇ ವರ್ಷ" ಎಂದರು ಕರಡಣ್ಣ. ದನಿಯಲ್ಲಿ ಆ ಎಂಟುನೂರು ಪ್ರತಿಗಳ ನಡುಕವಿತ್ತು. "ಕಾಪಿ ಮಾಡುವಾಗ ಎಲ್ಲೋ ಹಳೇ ಪುಸ್ತಕದಿಂದ ಬಂದುಬಿಟ್ಟಿದೆ. ಪಟ್ಟಿಯಲ್ಲಿ ನೋಡಿದ್ರೆ 2007. ಒಂದಕ್ಕೊಂದು ತಾಳೆಯೇ ಇಲ್ಲ. ಇಷ್ಟು ದಿನ ಕೊಕ್ಕೆ ನೋಡ್ಕೊಂಡು ಇದನ್ನ ನೋಡ್ಲಿಲ್ವಲ್ಲಪ್ಪಾ. ನೀನೇನಂತೀಯ? ತಿದ್ದೋದಾ, ಮೇಡಂ ಬರ್ಲಿ ಅಂತ ಕಾಯೋದಾ?"

ಸಂಸಾರದಲ್ಲಿ, ಸಮಾಜದಲ್ಲಿ, ಸಾಹಿತ್ಯದಲ್ಲಿ ನನ್ನನ್ನು ‘ನೀನೇನಂತೀಯ’ ಎಂದು ಕೇಳುವವರು ಬಹಳ ಕಡಿಮೆ. ಕೇಳಿದಾಗ ಗೊತ್ತಿಲ್ಲ ಎನ್ನುವಷ್ಟು ದೊಡ್ಡತನ ನನಗಿಲ್ಲ.

"ತಿದ್ದಿಬಿಡಿ ಅಣ್ಣ. ಹೊಸ ಪುಸ್ತಕಕ್ಕೆ ಹಳೇ ವರ್ಷ ಹಾಕಿದ್ರೆ ಪ್ರಿನ್ಸಿಪಾಲರು ಸುಮ್ನಿರ್ತಾರಾ?" ಎಂದೆ. "ಅಲ್ಲದೆ ಆ ವಿಳಾಸಕ್ಕೆ ಯಾರೂ ಹೋಗಲ್ಲ ಅಂತ ಮೇಡಂ ಅವರೇ ಹೇಳಿದ್ದಾರೆ. ತಿದ್ದಿದ್ರೆ ಏನಾಗತ್ತೆ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಎಲ್ಲ ಕಡೆ ಒಟ್ಟಿಗೆ ಬದಲಾಯಿಸುವ ಗುಂಡಿ ಇತ್ತು. ಕರಡಣ್ಣ ಅದನ್ನು ಒತ್ತಲಿಲ್ಲ. ಒಳಗಿನ ಕತೆಗಳಲ್ಲೂ 1999ರ ತಪ್ಪುಗಳಿದ್ದವು; ಅವು ಕೆಟ್ಟುಹೋಗಬಾರದಲ್ಲ. ಹಳೆಯ ಅಚ್ಚುಮನೆಯ ಪದ್ಧತಿಯಂತೆ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. ನಾನು ಹಾಳೆ ನೋಡಿ ಗಟ್ಟಿಯಾಗಿ ಓದುವುದು, ಅವರು ತಿದ್ದುವುದು. ಮೂವತ್ತೊಂಬತ್ತು ಅಧ್ಯಾಯ, ಒಂದು ಪರಿವಿಡಿ, ಒಂದು ಪಟ್ಟಿ, ನಲವತ್ತೊಂದು ಕಡೆ. ತಿದ್ದಿದ ಮೇಲೆ ಮತ್ತೆ ಕಾಗದಕ್ಕೆ ತೆಗೆದು, ಮತ್ತೊಂದು ಸಲ ಓದಿಸಿ, ನಲವತ್ತೊಂದೂ ಈ ವರ್ಷವೇ ಎಂದು ಖಾತ್ರಿ ಮಾಡಿಕೊಂಡರು. ಎರಡೂ ಐವತ್ತಕ್ಕೆ ಒಪ್ಪಿಸಿದರು. ಪರೀಕ್ಷಿಸುವ ಯಂತ್ರಾಂಶ ಮೇಡಂ ಕಂಪ್ಯೂಟರಿನಲ್ಲಿತ್ತು, ಅದಕ್ಕೆ ಬೀಗವಿತ್ತು. ಇರಲಿ ಬಿಡಿ, ವರ್ಷ ತಿದ್ದಿದ್ದರಿಂದ ಯಾವ ಪುಸ್ತಕ ಕೆಟ್ಟಿದೆ ಎಂದುಕೊಂಡೆವು.

ಅಷ್ಟು ಹೊತ್ತು ನಾವು ಜೊತೆಯಲ್ಲಿ ಕೆಲಸ ಮಾಡಿದೆವು. ಆರು ತಿಂಗಳಲ್ಲಿ ನಾನು ಅವರಿಗೆ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಮೂರಕ್ಕೆ ಪ್ರಿನ್ಸಿಪಾಲರು ಬಂದು ಕೂತರು. ಅವರಿಗೆ ಮೂರೂವರೆಗೆ ಆಡಳಿತ ಮಂಡಳಿಯ ಸಭೆ. ಪಾಸಾದವರ ಪಟ್ಟಿಗೆ ಸಹಿ ಹಾಕಿ ಜೊತೆಯಲ್ಲೇ ಒಯ್ಯಬೇಕಿತ್ತು. ಹಿರಿಯರಿಗೆ ಮೊದಲು ಎಂದು ಮೇಡಂ ಕರಡಣ್ಣನ ಪುಸ್ತಕ ಒತ್ತಿದರು. ಗೋಡೆಯ ಮೇಲಿನ ದೊಡ್ಡ ತೆರೆಯಲ್ಲಿ ಒಂದು ಸಾಲು ಮೂಡಿತು: ಈ ಪುಸ್ತಕವನ್ನು ತೆರೆಯಲಾಗುತ್ತಿಲ್ಲ.

ಮೇಡಂ ಮತ್ತೆ ಒತ್ತಿದರು. ಮತ್ತೆ ಅದೇ ಸಾಲು.

"ಮಧ್ಯಾಹ್ನ ನಾನೇ ನೋಡಿದ್ದೆ ಸರ್. ಚೆನ್ನಾಗಿ ತೆರೀತಿತ್ತು."

"ಮಧ್ಯಾಹ್ನದ್ದು ಮಧ್ಯಾಹ್ನಕ್ಕಾಯ್ತು ಮೇಡಂ. ಈಗ?"

ಕರಡಣ್ಣ ಎದ್ದು ನಿಂತು ಜೇಬಿನಿಂದ ಆ ಕಾಗದ ತೆಗೆದರು. ನಾಲ್ಕು ಮಡಿಕೆ ಬಿಚ್ಚಿ, ಅಂಗೈಯಿಂದ ತೀಡಿ, ಸೊನ್ನೆ ಕಾಣುವ ಹಾಗೆ ಹಿಡಿದರು. ಪ್ರಿನ್ಸಿಪಾಲರು ಕಾಗದ ನೋಡಿದರು, ತೆರೆ ನೋಡಿದರು, ಗಡಿಯಾರ ನೋಡಿದರು. "ಮುಂದಿನವರದು" ಎಂದರು.

ಮುಂದಿನವನು ನಾನು. ಈ ಸಲ ಹುಷಾರಾಗಿ, ಪುಸ್ತಕ ತೆರೆಯುವ ಮೊದಲು ಮೇಡಂ ಅದರ ಕಡತ ತೋರಿಸಿದರು. ನನ್ನ ಕಡತ ಗೋಡೆಯ ಮೇಲೆ ಬಂತು. ಮೇಲಿನ ಸಾಲಿನಲ್ಲಿ, ಒಂದೊಂದು ಅಂಕೆ ಒಂದೊಂದು ಗೇಣು, 1999. ಮರುಕ್ಷಣವೇ ಪುಸ್ತಕ ಹೂವು ಅರಳಿದ ಹಾಗೆ ತೆರೆದುಕೊಂಡಿತು.

ನನಗೆ ಆಗಲೇ ಗೊತ್ತಾಯಿತು. ಅದು ವರ್ಷವಲ್ಲ, ಮನೆಯ ಹೆಸರು. ನಾವು ನಲವತ್ತೊಂದು ಕಡೆ ಮನೆಯ ಹೆಸರು ಬದಲಾಯಿಸಿ, ಮನೆಯವರು ಯಾಕೆ ಬಾಗಿಲು ತೆರೆಯುತ್ತಿಲ್ಲ ಎಂದು ಬೀದಿಯಲ್ಲಿ ನಿಂತಿದ್ದೆವು. ಎದ್ದು ಹೇಳಬೇಕಿತ್ತು. ಪ್ರಿನ್ಸಿಪಾಲರು ಇನ್ನೂ ಪೆನ್ನಿನ ಮುಚ್ಚಳ ತೆಗೆದಿರಲಿಲ್ಲ.

ಅಷ್ಟರಲ್ಲಿ ಪ್ರಿನ್ಸಿಪಾಲರು ನನ್ನ ಮೊದಲ ಪುಟ ಓದಿ ಫಕ್ಕನೆ ನಕ್ಕರು. "ಚೆನ್ನಾಗಿದೆ ರೀ ಇದು! ಮುಂದಿನ ಪುಟ ಹಾಕಿ ಮೇಡಂ." ಎರಡನೆಯ ಪುಟಕ್ಕೂ ನಕ್ಕರು. ನನ್ನ ಕಣ್ಣೆದುರಿಗೆ ನನ್ನ ಬರಹ ಓದಿ ಒಬ್ಬ ಮನುಷ್ಯ ನಕ್ಕದ್ದು ಅದೇ ಮೊದಲು. ಮೂರು ಪುಟ ಅವರು ನಕ್ಕರು, ಮೂರು ಪುಟ ನಾನು ಸುಮ್ಮನಿದ್ದೆ. ಆಮೇಲೆ ಹುಡುಗರ ಪುಸ್ತಕಗಳು ಪಟಪಟನೆ ತೆರೆದುಕೊಂಡವು. ಕರಡಣ್ಣ ಕೊಕ್ಕೆ ಹಾಕಿಕೊಟ್ಟವು ಅವೆಲ್ಲ. ಪಟ್ಟಿಗೆ ಸಹಿ ಬಿತ್ತು. ನಾನು ಎದ್ದು, "ಸರ್, ಆ ವರ್ಷದ ವಿಷಯ" ಎನ್ನುವ ಹೊತ್ತಿಗೆ ಬಾಗಿಲು ಇನ್ನೂ ಅಲ್ಲಾಡುತ್ತಿತ್ತು, ಪ್ರಿನ್ಸಿಪಾಲರು ಇರಲಿಲ್ಲ.

ಮೇಡಂಗೆ ಹೇಳಿದೆ. ಅವರು ತಲೆ ಹಿಡಿದುಕೊಂಡರು. ನಲವತ್ತೊಂದು ಕಡೆಯೂ ಹಳೆಯ ಅಂಕೆ ಹಾಕಲು ಅವರಿಗೆ ಹತ್ತು ನಿಮಿಷ ಹಿಡಿಯಿತು. ಒತ್ತಿದರು. ‘ಅಚ್ಚಾಗದ ತಪ್ಪುಗಳು’ ಗೋಡೆಯ ತುಂಬ ತೆರೆದುಕೊಂಡಿತು. ಖಾಲಿ ಕುರ್ಚಿಗಳು ಅದನ್ನು ನೋಡಿದವು. ಕರಡಣ್ಣ ಹತ್ತಿರ ಹೋಗಿ, ತೆರೆಗೆ ಸ್ಕೇಲು ತಾಗದ ಹಾಗೆ ಹಿಡಿದು, ಮೊದಲ ಪುಟ ಪೂರ್ತಿ ಓದಿದರು. "ಸರಿಯಾಗಿದೆ" ಎಂದರು. ಅಷ್ಟೇ.

ಮರುದಿನ ನಾನೂ ಮೇಡಂ ಅವರೂ ಪ್ರಿನ್ಸಿಪಾಲರ ಬಳಿ ಹೋದೆವು. ತಪ್ಪು ನನ್ನದು ಎಂದೆ. "ಆದ್ರೆ ನೀವು ಪಾಸು" ಎಂದರು ಅವರು. ಹಾಗಾದರೆ ನನ್ನನ್ನು ಫೇಲು ಮಾಡಿ, ಅಣ್ಣನನ್ನು ಪಾಸು ಮಾಡಿ ಎಂದೆ. ಅದಕ್ಕೆ ಅರ್ಜಿ ನಮೂನೆ ಇಲ್ಲ ಎಂದರು. ಕೆಟ್ಟವರಲ್ಲ ಅವರು, ಕಡತ ತೆಗೆಸಿ ಹಿಂದೆ ಮುಂದೆ ನೋಡಿದರು, ಮಂಡಳಿಗೆ ಫೋನು ಹಚ್ಚಿದರು, ಆ ಕಡೆಯಿಂದ ಏನೋ ಕೇಳಿ ‘ಹೌದು ಸರ್, ಹೌದು ಸರ್’ ಎಂದು ಇಟ್ಟರು. "ಪಟ್ಟಿ ಮಂಜೂರಾಗಿ ಹೋಯ್ತಂತೆ. ಇನ್ನು ಮುಂದಿನ ವರ್ಷದ ಕೋರ್ಸು. ಅಷ್ಟರಲ್ಲಿ ಆ ಜಾಗಕ್ಕೆ ಹೊರಗಿನಿಂದ ಯಾರನ್ನೋ ತಗೋತಾರೆ. ನನ್ನ ಕೈಲಿ ಏನೂ ಇಲ್ಲ ರೀ" ಎಂದು ನಿಜಕ್ಕೂ ಎರಡೂ ಕೈ ಬಿಚ್ಚಿ ತೋರಿಸಿದರು.

ಅತ್ತಿಗೆ ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. "ಊಟ ಮಾಡ್ಕೊಂಡು ಹೋಗಿ" ಎಂದರು. ಮೇಜು ಖಾಲಿಯಾಗಿತ್ತು.

ಎರಡು ತಿಂಗಳು ಆ ಕಡೆ ಹೋಗಲು ನನಗೆ ಮುಖವಿರಲಿಲ್ಲ. ಕಡೆಗೊಂದು ಮಧ್ಯಾಹ್ನ ಧೈರ್ಯ ಮಾಡಿ ಹಾಸ್ಟೆಲ್ ಸ್ಟೋರಿಗೆ ಹೋದೆ. ನೆಲಮಾಳಿಗೆ. ಗೋಡೆಗೆ ಒರಗಿಸಿದ ಹಾಸಿಗೆಗಳು, ಒಂದರೊಳಗೊಂದು ಕೂರಿಸಿದ ನೀಲಿ ಬಕೆಟ್ಟುಗಳ ಕಂಬ, ಬಲ್ಬಿನ ಪೆಟ್ಟಿಗೆಗಳು. ಮೇಲಿನ ಕಿಂಡಿಯಿಂದ ಓಡಾಡುವವರ ಚಪ್ಪಲಿ ಮಾತ್ರ ಕಾಣುತ್ತಿತ್ತು. ಕರಡಣ್ಣ ಮೇಜಿನ ಹಿಂದೆ ಕೂತಿದ್ದರು. ಸ್ಕೇಲು ಮೇಜಿನ ಮೇಲಿತ್ತು, ಅದರ ಕೆಳಗೆ ಯಾವ ಕಾಗದವೂ ಇರಲಿಲ್ಲ.

"ಬಾ ಬಾ. ಬಲ್ಬಿನ ಪೆಟ್ಟಿಗೆ ಎಲ್ಲಾ ಓದಿ ಆಯ್ತು" ಎಂದರು. "ತಪ್ಪಿಲ್ಲ."

ನಾನು ಕ್ಷಮೆ ಕೇಳಲು ಮೂರು ರೀತಿಯ ವಾಕ್ಯ ಸಿದ್ಧ ಮಾಡಿಕೊಂಡು ಹೋಗಿದ್ದೆ. ಬದಲಿಗೆ, ಪೆದ್ದನ ಹಾಗೆ, ಫೋನು ತೆಗೆದು ನನ್ನ ಇ-ಪುಸ್ತಕ ತೋರಿಸಿದೆ. ಕಾಲೇಜು ಅದನ್ನು ತನ್ನ ಗ್ರಂಥಾಲಯದ ತಾಣಕ್ಕೆ ಹಾಕಿತ್ತು. ಅವರು ಮೂಗಿನ ಕನ್ನಡಕ ತೆಗೆದು, ಹಣೆಯದನ್ನು ಅಲ್ಲಿಗೆ ಇಳಿಸಿ, ಹೆಬ್ಬೆರಳನ್ನೇ ಸ್ಕೇಲು ಮಾಡಿಕೊಂಡು ಓದತೊಡಗಿದರು. ಮುಖಪುಟದ ಹಿಂದಿನ ವಿವರದ ಪುಟದಲ್ಲೇ ಹೆಬ್ಬೆರಳು ನಿಂತಿತು.

"ಇ-ಪುಸ್ತಕದ ಮೊದಲ ಮುದ್ರಣ ಅಂತಿದೆ. ವರ್ಷ ಹದಿನಾಲ್ಕು ವರ್ಷದ ಹಿಂದಿನದು."

ನೋಡಿದೆ. ಹೌದು. ಹಳೆಯ ಪುಸ್ತಕದಿಂದ ವರ್ಷವನ್ನು ಹಾಗೇ ಕಾಪಿ ಮಾಡಿದ್ದೆ.

"ಮುಟ್ಟಕ್ಕೆ ಹೆದರಿಕೆ ಅಣ್ಣ" ಎಂದೆ.

"ಇದಕ್ಕೇನು ಹೆದರಿಕೆ? ಅದು ಹೆಸರು, ಮುಟ್ಟಬಾರದು. ಇದು ವರ್ಷ, ತಿದ್ದಲೇಬೇಕು. ಮೇಡಂ ಅಷ್ಟು ಚೆನ್ನಾಗಿ ಹೇಳಿಕೊಟ್ರಲ್ಲ ಅತ್ತೆ ಕತೆ? ಈಗ ನನಗೆ ಪೂರ್ತಿ ಅರ್ಥ ಆಗಿದೆ ಕಣಪ್ಪಾ" ಎಂದರು, ನನ್ನನ್ನು ಸಮಾಧಾನ ಮಾಡುವವರ ಹಾಗೆ.

ಕಿವಿಯ ಹಿಂದಿನಿಂದ ಕೆಂಪು ಪೆನ್ಸಿಲ್ ಕೈಗೆ ಬಂತು. ವರ್ಷದ ಸುತ್ತ ಸುತ್ತು ಹಾಕಲು ಗಾಜಿನ ಹತ್ತಿರ ಒಯ್ದರು, ನಿಲ್ಲಿಸಿದರು. ಅಂಚಿಗಾಗಿ ಪುಟದ ಎಡಕ್ಕೂ ಬಲಕ್ಕೂ ನೋಡಿದರು. ಅಲ್ಲಿ ಫೋನಿನ ಚೌಕಟ್ಟು ಬಿಟ್ಟರೆ ಏನೂ ಇರಲಿಲ್ಲ.

ಮೆಟ್ಟಿಲ ಮೇಲಿನಿಂದ ಯಾರೋ, "ಸ್ಟೋರ್ ಅಂಕಲ್, ಒಂದು ಬಕೆಟ್ಟು!" ಎಂದು ಕೂಗಿದರು.

"ಬಂದೆ" ಎಂದು ಕರಡಣ್ಣ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ಫೋನು ನನ್ನ ಕೈಗೆ ಕೊಟ್ಟು ಎದ್ದರು.